12ಕ್ಕೆ 12 ಮಂದಿಗೂ ಕ್ಯಾನ್ಸರ್ ವಾಸಿ: ಫಾರ್ವರ್ಡ್ ನಿಜ, ಆದರೆ ಒಂದು ಸಾಲು ಬಿಟ್ಟುಹೋಗಿದೆ

"ಕ್ಯಾನ್ಸರ್‌ಗೆ ಕೊನೆಗೂ ಔಷಧ ಸಿಕ್ಕಿತು, 12 ರೋಗಿಗಳಲ್ಲಿ 12 ಮಂದಿಯೂ ಗುಣಮುಖ, ಆಪರೇಷನ್ ಬೇಡ, ಕೀಮೋ ಬೇಡ" ಎಂಬ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇದು ಕಟ್ಟುಕಥೆಯಲ್ಲ. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರು ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೊಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ, ಆರು ತಿಂಗಳು ಕೊಟ್ಟಿದ್ದರು. ಚಿಕಿತ್ಸೆ ಮುಗಿಸಿದ 12 ಮಂದಿಗೂ ಸ್ಕ್ಯಾನ್, ಎಂಡೋಸ್ಕೋಪಿ, ಬಯಾಪ್ಸಿ ಯಾವುದರಲ್ಲೂ ಗಡ್ಡೆ ಕಾಣಲಿಲ್ಲ. ಫಲಿತಾಂಶ ಪ್ರಕಟವಾದದ್ದು 2022ರ ಜೂನ್‌ನಲ್ಲಿ. 2025ರ ವರದಿಯ ಹೊತ್ತಿಗೆ ಚಿಕಿತ್ಸೆ ಮುಗಿಸಿದ ಗುದನಾಳದ ರೋಗಿಗಳು 49. ಅವರೆಲ್ಲರಲ್ಲೂ ಗಡ್ಡೆ ಮಾಯವಾಗಿತ್ತು.

ಫಾರ್ವರ್ಡ್ ಆಗುತ್ತಾ ಉದುರಿಹೋದ ಸಾಲು ಇದು: ಇವರೆಲ್ಲರ ಗಡ್ಡೆಯಲ್ಲೂ ಒಂದೇ ಬಗೆಯ ಜೀನ್ ದೋಷವಿತ್ತು. ಗುದನಾಳದ ಕ್ಯಾನ್ಸರ್ ಬಂದ 100 ಮಂದಿಯಲ್ಲಿ ಸುಮಾರು 5ರಿಂದ 10 ಮಂದಿಗೆ ಮಾತ್ರ ಅದು ಇರುತ್ತದೆ. ಉಳಿದವರು ಈ ಸಂದೇಶ ನಂಬಿ ಆಪರೇಷನ್ ಮುಂದೂಡಿದರೆ ಗಡ್ಡೆ ಬೆಳೆಯುತ್ತಲೇ ಹೋಗುತ್ತದೆ.

ಏನದು ದೋಷ? ಜೀವಕೋಶ ಒಂದು ಎರಡಾಗುವಾಗ ಡಿಎನ್‌ಎಯನ್ನು ನಕಲು ಮಾಡುತ್ತದೆ. ನಕಲು ಎಂದ ಮೇಲೆ ತಪ್ಪು ಇದ್ದದ್ದೇ. ಅದನ್ನು ಹುಡುಕಿ ತಿದ್ದುವ ಕೆಲಸ ಎಂಎಲ್‌ಎಚ್1, ಎಂಎಸ್‌ಎಚ್2 ಮುಂತಾದ ಜೀನ್‌ಗಳದ್ದು. ಈ ವ್ಯವಸ್ಥೆಗೆ ಎಂಎಂಆರ್ ಎಂದು ಹೆಸರು. (ಮಕ್ಕಳಿಗೆ ಹಾಕಿಸುವ ಎಂಎಂಆರ್ ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ!) ಇದು ಕೈಕೊಟ್ಟರೆ ತಪ್ಪುಗಳು ರಾಶಿ ಬೀಳುತ್ತವೆ, ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ತಮಾಷೆಯೆಂದರೆ, ಅಷ್ಟೊಂದು ತಪ್ಪುಗಳಿರುವ ಗಡ್ಡೆ ನಮ್ಮ ರೋಗನಿರೋಧಕ ಕಣಗಳ ಕಣ್ಣಿಗೆ ಹೊರಗಿನವರಂತೆ ಎದ್ದು ಕಾಣುತ್ತದೆ. ಹಾಗಾಗಿ ಗಡ್ಡೆ ಆ ಕಣಗಳಿಗೆ ಬ್ರೇಕ್ ಹಾಕಿ ಬಚಾವಾಗುತ್ತದೆ. ಡೊಸ್ಟಾರ್ಲಿಮ್ಯಾಬ್ ಆ ಬ್ರೇಕ್ ತೆಗೆಯುತ್ತದೆ. ತಪ್ಪುಗಳು ಕಡಿಮೆಯಿರುವ ಗಡ್ಡೆಯಲ್ಲಿ ಬ್ರೇಕ್ ತೆಗೆದರೂ, ಯಾರನ್ನು ಹೊಡೆಯಬೇಕೆಂದು ಕಣಗಳಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ.

ಆದ್ದರಿಂದ ರಿಪೋರ್ಟ್‌ನಲ್ಲಿ "ಮ್ಯುಟೇಶನ್" ಎಂದು ಕಂಡ ಕೂಡಲೇ ಕೈಚೆಲ್ಲಬೇಡಿ. ಯಾವ ಜೀನ್ ಎಂದು ನೋಡಬೇಕು. ಎಂಎಂಆರ್ ದೋಷವಿರುವ ಎರಡನೇ ಹಂತದ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಬಳಿಕ ಮರಳುವ ಸಾಧ್ಯತೆ ಉಳಿದವರಿಗಿಂತ ಕಡಿಮೆ. ರೋಗ ಬೇರೆ ಅಂಗಗಳಿಗೆ ಹರಡಿದವರಲ್ಲಿ ಬಿಆರ್‌ಎಎಫ್ ಜೀನ್‌ನ ವಿ600ಇ ಬದಲಾವಣೆ ಕಂಡರೆ ಅದು ಕಷ್ಟದ ಸೂಚನೆ. ಅದಕ್ಕೂ ಈಗ ಗುರಿಯಿಟ್ಟು ಹೊಡೆಯುವ ಔಷಧಗಳಿವೆ. ಸುಮಾರು 40% ರೋಗಿಗಳಲ್ಲಿ ಕೆಆರ್‌ಎಎಸ್ ಜೀನ್ ಬದಲಾಗಿರುತ್ತದೆ. ಅಂಥವರಿಗೆ ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಇಂಜೆಕ್ಷನ್ ಕೆಲಸ ಮಾಡುವುದಿಲ್ಲ. ಮೊದಲೇ ಟೆಸ್ಟ್ ಮಾಡಿಸಿದರೆ ದುಡ್ಡೂ ಉಳಿಯುತ್ತದೆ, ಅಡ್ಡಪರಿಣಾಮವೂ ತಪ್ಪುತ್ತದೆ. ಇಷ್ಟಾದರೂ, ರೋಗ ಯಾವ ಹಂತದಲ್ಲಿ ಪತ್ತೆಯಾಯಿತು ಎಂಬುದರ ತೂಕವೇ ಹೆಚ್ಚು.

ಮಕ್ಕಳಿಗೂ ಬರುತ್ತದೆಯೇ? ಕೆಆರ್‌ಎಎಸ್, ಬಿಆರ್‌ಎಎಫ್ ಬದಲಾವಣೆಗಳು ಗಡ್ಡೆಯೊಳಗೇ ಹುಟ್ಟಿದವು, ಮಕ್ಕಳಿಗೆ ದಾಟುವುದಿಲ್ಲ. ಎಂಎಂಆರ್ ದೋಷ ಮಾತ್ರ ಕೆಲವರಿಗೆ ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ. ಅದನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಆಗ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ 50%. ಅಂಥವರು ಚಿಕ್ಕ ವಯಸ್ಸಿನಿಂದಲೇ ನಿಯಮಿತವಾಗಿ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕಾಗುತ್ತದೆ.

ನಿಮ್ಮವರಿಗೆ ಕರುಳಿನ ಕ್ಯಾನ್ಸರ್ ಪತ್ತೆಯಾಗಿದ್ದರೆ ವೈದ್ಯರನ್ನು ಕೇಳಿ: "ಡಾಕ್ಟ್ರೇ, ಎಂಎಂಆರ್ ಟೆಸ್ಟ್ ಆಗಿದೆಯಾ?" ಇದಕ್ಕೆ ಸಾಮಾನ್ಯವಾಗಿ ಹೊಸದಾಗಿ ಚುಚ್ಚುವುದು, ಕತ್ತರಿಸುವುದು ಬೇಕಿಲ್ಲ. ಬಯಾಪ್ಸಿಗೆಂದು ತೆಗೆದ ತುಣುಕು ಲ್ಯಾಬ್‌ನಲ್ಲಿದ್ದರೆ ಅದರಲ್ಲೇ ನೋಡಬಹುದು.