ಡಬ್ಬಿ ಹಾಲು: ನಾಚಿಕೆ ಬೇಡ, ಎಚ್ಚರ ಬೇಕು

ಊರಿನಲ್ಲಾದರೆ ಬಾಣಂತಿಯ ಕೋಣೆಗೆ ಅಜ್ಜಿ, ದೊಡ್ಡಮ್ಮ, ಅತ್ತಿಗೆ, ಕೂಸಿಗೆ ಎಣ್ಣೆ ನೀರು ಹಾಕುವ ಹೆಂಗಸು ಹೀಗೆ ನಾಲ್ಕು ಜನ ಬಂದು ಹೋಗುತ್ತಿರುತ್ತಾರೆ. ಮಯೂರ್ ವಿಹಾರ, ದ್ವಾರಕಾ, ನೋಯ್ಡಾ, ಗುರುಗ್ರಾಮಗಳ ಫ್ಲಾಟುಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಈ ಭಾಗ್ಯ ಹೆಚ್ಚೆಂದರೆ ಎರಡು ಮೂರು ತಿಂಗಳಿನದು. ಬಾಣಂತನಕ್ಕೆಂದು ಬಂದ ಅಮ್ಮ ಊರಿಗೆ ಹಿಂತಿರುಗಿದ ಮೇಲೆ ಕೂಸು, ಅಡುಗೆಮನೆ, ಕಚೇರಿ ಮೂರೂ ಮಗಳ ತಲೆಯ ಮೇಲೆ. ಇಲ್ಲವೇ ಅಮ್ಮ ಉಳಿದು, ಮಗಳು ಕಚೇರಿಗೆ ಹೊರಡುತ್ತಾಳೆ. ಎಷ್ಟೋ ಮನೆಗಳಿಗೆ ಹಾಲಿನ ಪುಡಿಯ ಡಬ್ಬಿ ಕಾಲಿಡುವುದು ಇಂಥ ಹೊತ್ತಿನಲ್ಲೇ.

ಡಬ್ಬಿಯ ಮೇಲೆ ಪುಡಿ ಬೆರೆಸುವ ಕ್ರಮ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತದೆ. ನಮ್ಮ ಮನೆಗಳಲ್ಲಿ ಹಗಲು ಹೊತ್ತು ಹಾಲು ಬೆರೆಸುವವರೋ, ಶಿವಮೊಗ್ಗದಿಂದಲೋ ಧಾರವಾಡದಿಂದಲೋ ಬಂದ, ಕನ್ನಡ ಮಾತ್ರ ಓದಬಲ್ಲ ಅಜ್ಜಿ. ಐದಾರು ಮಕ್ಕಳನ್ನು ಸಾಕಿದ ಕೈ ಅವರದು, ಆದರೆ ಈ ಡಬ್ಬಿ ಅವರಿಗೆ ಹೊಸದು. ಅದನ್ನು ಬೆರೆಸುವ ಕ್ರಮ ಕನ್ನಡದಲ್ಲಿ ಒಂದೆಡೆ ಇರಲಿ ಎಂಬುದೇ ಈ ಲೇಖನದ ಉದ್ದೇಶ.

ಎದೆಹಾಲೇ ಮೊದಲು

ಹುಟ್ಟಿದ ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ಆ ಬಳಿಕ ಮೇಲಿನ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು. ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಸರ್ಕಾರವೂ ಹೇಳುವುದು ಇದನ್ನೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಕೂಸುಗಳಲ್ಲಿ ಶೇ. 63.7ರಷ್ಟು ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವು. ಉಳಿದವುಗಳ ಹೊಟ್ಟೆಗೆ ನೀರೋ, ಹಸುವಿನ ಹಾಲೋ, ಪುಡಿಯ ಹಾಲೋ ಬೇರೆ ಏನಾದರೂ ಹೋಗುತ್ತಿತ್ತು.

"ಹಾಲು ಸಾಲದು" ಎಂದು ಮನೆಯವರೇ ತೀರ್ಮಾನಿಸಿ ಡಬ್ಬಿ ತರುವುದೇ ಹೆಚ್ಚು. ಕೂಸು ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಕೂಸು ಅತ್ತ ಮಾತ್ರಕ್ಕೆ ಹಸಿವೆಂದು ತಿಳಿಯಬೇಕಾಗಿಲ್ಲ. ಡಬ್ಬಿ ತೆರೆಯುವ ಮುನ್ನ ಒಮ್ಮೆ ಮಕ್ಕಳ ವೈದ್ಯರನ್ನು ಕಾಣುವುದು ಲೇಸು. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ ಮೊದಲೆರಡು ಮಕ್ಕಳಿಗೆ 26 ವಾರ, ಅಂದರೆ ಆರು ತಿಂಗಳು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ಕಚೇರಿಗೆ ಹೋಗುವವರು ಹಾಲನ್ನು ಹಿಂಡಿ ಶುಚಿಯಾದ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಒಂದು ದಿನದವರೆಗೆ ಬಳಸಬಹುದು.

ಇಷ್ಟಾದರೂ ಕೆಲವರಿಗೆ ಡಬ್ಬಿ ಹಾಲು ಬೇಕೇ ಆಗುತ್ತದೆ. ತಾಯಿಗೆ ಕಾಯಿಲೆ, ಕೆಲವು ಬಗೆಯ ಔಷಧ, ದತ್ತು ಪಡೆದ ಕೂಸು, ತಾಯಿಯನ್ನೇ ಕಳೆದುಕೊಂಡ ಕೂಸು ಹೀಗೆ ಕಾರಣಗಳು ಹಲವು. ಅಂಥ ತಾಯಂದಿರು ನೆರೆಹೊರೆಯವರ ಮಾತಿಗೆ ಅಂಜಿ ಬಾಟಲಿ ಮುಚ್ಚಿಡುತ್ತಾರೆ, ಬೆರೆಸುವ ಕ್ರಮವನ್ನು ಯಾರಲ್ಲೂ ಕೇಳುವುದಿಲ್ಲ. ಕೂಸಿಗೆ ತೊಂದರೆಯಾಗುವುದು ಇಂಥ ಕಡೆಯೇ.

ಮೈಸೂರಿನ ನಂಟು

ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಡಾ. ವಿ. ಸುಬ್ರಹ್ಮಣ್ಯನ್ ಅವರು ನಿರ್ದೇಶಕರಾಗಿದ್ದ ಆ ದಶಕದಲ್ಲಿ, ಎಮ್ಮೆ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಅಲ್ಲಿನ ವಿಜ್ಞಾನಿಗಳು ರೂಪಿಸಿದರು. ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು, ಕೂಸಿನ ಹೊಟ್ಟೆಯಲ್ಲಿ ಅದು ಗಟ್ಟಿಯಾಗಿ ಒಡೆಯುತ್ತದೆ, ಅದರಿಂದ ಶಿಶು ಆಹಾರ ಆಗದು ಎಂಬ ಮಾತಿತ್ತು. ಆ ಮಾತನ್ನು ಮೈಸೂರು ಸುಳ್ಳು ಮಾಡಿತು. ಆ ವಿಧಾನದಿಂದಲೇ ಗುಜರಾತಿನ ಅಮುಲ್ ಸಹಕಾರಿ ಸಂಸ್ಥೆ ಶಿಶು ಆಹಾರ ತಯಾರಿಕೆಗೆ ಇಳಿಯಿತು.

ಆದರೆ ಪುಡಿ ಎಷ್ಟೇ ಒಳ್ಳೆಯ ಕಾರ್ಖಾನೆಯದಾದರೂ ಅದು ಸಂಪೂರ್ಣ ಕ್ರಿಮಿರಹಿತವಲ್ಲ. ಇದು ಬಹುತೇಕರಿಗೆ ತಿಳಿಯದ ಸಂಗತಿ. ಒಣ ಪುಡಿಯಲ್ಲೂ ಬದುಕಬಲ್ಲ ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇದೆ. ಅದರ ಸೋಂಕು ಅಪರೂಪ, ತಗುಲಿದರೆ ರಕ್ತಕ್ಕೂ ಮಿದುಳಿನ ಪೊರೆಗೂ ಹಬ್ಬುತ್ತದೆ. ಅಮೆರಿಕದ ಟೆನೆಸಿಯ ಆಸ್ಪತ್ರೆಯೊಂದರಲ್ಲಿ 2001ರಲ್ಲಿ ಇದರಿಂದ ಒಂದು ನವಜಾತ ಶಿಶು ತೀರಿಕೊಂಡಿತು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ, ಎರಡು ತಿಂಗಳು ತುಂಬದ ಕೂಸುಗಳಿಗೆ ಅಪಾಯ ಹೆಚ್ಚು.

ಹೀಗಾಗಿಯೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ಮಾರ್ಗಸೂಚಿ ಹೊರಡಿಸಿದವು. ಅದರ ತಿರುಳು ಇಷ್ಟೇ: ಪುಡಿ ಬೆರೆಸುವ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಅಷ್ಟು ಬಿಸಿ ಇದ್ದರೆ ಪುಡಿಯಲ್ಲಿರಬಹುದಾದ ಬ್ಯಾಕ್ಟೀರಿಯಾ ಸಾಯುತ್ತವೆ. ಕೆಲವು ಡಬ್ಬಿಗಳ ಮೇಲೆ "ಉಗುರುಬೆಚ್ಚಗಿನ ನೀರು" ಎಂದಿರುತ್ತದೆ. ಇವೆರಡರ ನಡುವೆ ಗೊಂದಲವಾದರೆ, ಅದರಲ್ಲೂ ಎಳೆಗೂಸಿನ ವಿಷಯದಲ್ಲಿ, ನಿಮ್ಮ ಮಕ್ಕಳ ವೈದ್ಯರನ್ನು ಕೇಳಿ ನಡೆದುಕೊಳ್ಳಿ.

ರಾಜಧಾನಿಯ ನೀರು

1955ರ ಡಿಸೆಂಬರ್‌ನಿಂದ 1956ರ ಜನವರಿವರೆಗೆ ದೆಹಲಿಯಲ್ಲಿ ಸುಮಾರು 29 ಸಾವಿರ ಜನರಿಗೆ ಕಾಮಾಲೆ ಆಯಿತು. ಯಮುನೆಯ ಹರಿವು ಬದಲಾಗಿ ಕೊಳಚೆ ನೀರು ವಜೀರಾಬಾದ್‌ನಲ್ಲಿ ಕುಡಿಯುವ ನೀರನ್ನು ಎತ್ತುವ ಜಾಗಕ್ಕೇ ಸೇರಿದ್ದು ಕಾರಣ. ನೀರಿಗೆ ಕ್ಲೋರಿನ್ ಹಾಕಿದ್ದರೂ ವೈರಸ್ ಸತ್ತಿರಲಿಲ್ಲ. ಅದು ಹೆಪಟೈಟಿಸ್ ಇ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ನಲ್ಲಿಯಲ್ಲಿ ತಿಳಿಯಾಗಿ ಬಂದ ನೀರೆಲ್ಲ ಶುದ್ಧವಲ್ಲ ಎಂಬುದಕ್ಕೆ ಈ ಊರಿನದೇ ಸಾಕ್ಷಿ ಇದು.

ಈಗ ಹಲವು ಮನೆಗಳಲ್ಲಿ ಆರ್‌ಒ ಯಂತ್ರವಿದೆ. ಅದರ ನೀರಾಗಲಿ, ಅಂಗಡಿಯ ಬಾಟಲಿ ನೀರಾಗಲಿ ಕೂಸಿನ ಹಾಲಿಗೆ ನೇರವಾಗಿ ಬಳಸುವಂಥದ್ದಲ್ಲ. ಯಾವ ನೀರಾದರೂ ಕಳಕಳ ಕುದಿಯಲೇಬೇಕು. ಟ್ಯಾಂಕರ್ ನೀರು, ಮಹಡಿಯ ಟ್ಯಾಂಕಿಯ ನೀರು ಎಂದಾದರಂತೂ ಮಾತೇ ಇಲ್ಲ.

ಬಾಟಲಿ ಕುದಿಸುವ ಕ್ರಮ

ಬಾಟಲಿ ಕೊಳ್ಳುವಾಗ ಐಎಸ್ಐ ಗುರುತು ನೋಡಿ. ಭಾರತೀಯ ಮಾನಕ ಸಂಸ್ಥೆಯ 2015ರ ಮಾನದಂಡದ ಪ್ರಕಾರ ಹಾಲಿನ ಬಾಟಲಿಗೆ ಬಿಪಿಎ ಇರುವ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಳಸುವಂತಿಲ್ಲ. ಅಗಲ ಬಾಯಿಯ ಬಾಟಲಿಯಾದರೆ ತೊಳೆಯುವುದು ಸುಲಭ.

ಮೊದಲು ತೊಳೆಯಬೇಕು, ಆಮೇಲೆ ಕುದಿಸಬೇಕು. ಹಾಲಿನ ಜಿಡ್ಡು ಅಂಟಿಕೊಂಡಿರುವ ಬಾಟಲಿಯನ್ನು ಎಷ್ಟು ಕುದಿಸಿದರೂ ವ್ಯರ್ಥ. ಕೂಸು ಕುಡಿದಾದ ಕೂಡಲೇ ಬಾಟಲಿ, ನಿಪ್ಪಲ್, ಮುಚ್ಚಳ ಎಲ್ಲವನ್ನೂ ಬಿಡಿಸಿ ಸೋಪಿನ ಬಿಸಿನೀರಿನಲ್ಲಿ ಬ್ರಷ್‌ನಿಂದ ಉಜ್ಜಿ. ನಿಪ್ಪಲನ್ನು ಒಳಮಗ್ಗುಲು ಹೊರಳಿಸಿ ತೊಳೆಯಿರಿ. ಈ ಬ್ರಷ್ ಬಾಟಲಿಗೆ ಮಾತ್ರ ಮೀಸಲಿರಲಿ. ಪಾತ್ರೆ ಉಜ್ಜುವ ನಾರು, ಸ್ಪಂಜು ಬೇಡ.

ಬಳಿಕ ದೊಡ್ಡ ಪಾತ್ರೆಯಲ್ಲಿ ಎಲ್ಲವೂ ಪೂರ್ತಿ ಮುಳುಗುವಷ್ಟು ನೀರು ಹಾಕಿ, ಬಾಟಲಿಯೊಳಗೆ ಗಾಳಿಗುಳ್ಳೆ ಉಳಿಯದಂತೆ ಮುಳುಗಿಸಿ ಮುಚ್ಚಿ. ಕುದಿ ಬಂದ ಮೇಲೆ 10 ನಿಮಿಷ ಬಿಡಿ. ನೀರು ಬತ್ತದಂತೆ ನೋಡಿಕೊಳ್ಳಿ. ಕೈಯನ್ನು ಸೋಪಿನಿಂದ ತೊಳೆದು, ಅದೇ ನೀರಿನಲ್ಲಿ ಕುದಿಸಿದ ಇಕ್ಕಳದಿಂದ ತೆಗೆಯಿರಿ. ಕೂಡಲೇ ಬೇಡವಾದರೆ ಬಾಟಲಿಗೆ ನಿಪ್ಪಲ್, ಮುಚ್ಚಳ ಜೋಡಿಸಿ ಮುಚ್ಚಿಡಿ. ಸೆರಗಿನಿಂದಾಗಲಿ ಅಡುಗೆಮನೆಯ ಬಟ್ಟೆಯಿಂದಾಗಲಿ ಒರೆಸಿದರೆ ಕುದಿಸಿದ್ದೆಲ್ಲ ನೀರುಪಾಲು.

ಹಬೆಯ ಯಂತ್ರ ಬಳಸುವವರು ಅದರ ಜೊತೆ ಬಂದ ಸೂಚನೆ ಪಾಲಿಸಬೇಕು. ಇಲ್ಲಿನ ಗಡಸು ನೀರಿಗೆ ಯಂತ್ರದ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಆಗಾಗ ವಿನಿಗರ್ ಹಾಕಿ ತೆಗೆಯದಿದ್ದರೆ ಯಂತ್ರ ಸರಿಯಾಗಿ ಕಾಯುವುದಿಲ್ಲ. ಬಿರುಕು ಬಿಟ್ಟ ಅಥವಾ ಅಂಟಂಟಾದ ನಿಪ್ಪಲನ್ನು ಎಸೆದುಬಿಡಿ.

ಹಾಲು ಬೆರೆಸುವ ಕ್ರಮ

ಒಂದು ಲೀಟರ್‌ನಷ್ಟು ಹೊಸ ನೀರನ್ನು ಕುದಿಸಿ, ಇಳಿಸಿದ 30 ನಿಮಿಷದೊಳಗೆ ಬಳಸಿ. ಅಷ್ಟರೊಳಗಾದರೆ ಅದು 70 ಡಿಗ್ರಿಗಿಂತ ಮೇಲೇ ಇರುತ್ತದೆ. ಲೋಟದಷ್ಟೇ ಕುದಿಸಿದರೆ ಬೇಗ ಆರಿಹೋಗುತ್ತದೆ.

ಬಾಟಲಿಗೆ ಮೊದಲು ನೀರು, ಆಮೇಲೆ ಪುಡಿ. ಪುಡಿ ಮೊದಲು ಹಾಕಿದರೆ ನೀರಿನ ಅಳತೆ ತಪ್ಪುತ್ತದೆ. ಡಬ್ಬಿಯೊಳಗಿನ ಅಳತೆ ಚಮಚವನ್ನೇ ಬಳಸಬೇಕು. ಒಂದು ಕಂಪನಿಯ ಚಮಚ ಇನ್ನೊಂದರ ಪುಡಿಗೆ ಹೊಂದುವುದಿಲ್ಲ. ಚಮಚ ತುಂಬಿ, ಶುಚಿಯಾದ ಒಣ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಒತ್ತಿ ತುಂಬಬಾರದು, ಗೋಪುರ ಬರಬಾರದು. ಎಷ್ಟು ನೀರಿಗೆ ಎಷ್ಟು ಚಮಚ ಎಂಬುದನ್ನು ಓದು ಬಲ್ಲವರು ಕನ್ನಡದಲ್ಲಿ ದಪ್ಪಗೆ ಬರೆದು ಡಬ್ಬಿಗೆ ಅಂಟಿಸಿಬಿಡಲಿ.

ಡಬ್ಬಿ ಹೆಚ್ಚು ದಿನ ಬರಲೆಂದು ತೆಳುವಾಗಿ ಬೆರೆಸಿದರೆ ಕೂಸಿನ ಹೊಟ್ಟೆ ತುಂಬಿದಂತೆ ಕಂಡರೂ ಮೈ ಸೊರಗುತ್ತದೆ. ಮೈ ತುಂಬಿಕೊಳ್ಳಲೆಂದು ಗಟ್ಟಿಯಾಗಿ ಬೆರೆಸಿದರೆ ಮಲ ಕಟ್ಟುತ್ತದೆ, ಮೈಯ ನೀರು ಬತ್ತುತ್ತದೆ. ಸಕ್ಕರೆ, ಜೇನು, ರಾಗಿ ಹಿಟ್ಟು ಯಾವುದನ್ನೂ ಬಾಟಲಿಗೆ ಸೇರಿಸಬೇಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದೂ ಅಪಾಯವೇ.

ಬೆರೆಸಿದ ಹಾಲು ಬಿಸಿಯಾಗಿರುತ್ತದೆ. ಮುಚ್ಚಿದ ಬಾಟಲಿಯನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಆರಿಸಿ. ನೀರು ಮುಚ್ಚಳದವರೆಗೆ ಏರದಿರಲಿ. ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ, ಬೆಚ್ಚಗಿದ್ದರೆ ಸರಿ, ಸುಟ್ಟರೆ ಇನ್ನೂ ಆರಬೇಕು. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಲೇಬೇಡಿ. ಅದರಲ್ಲಿ ಒಂದೆಡೆ ತಣ್ಣಗಿದ್ದು ಇನ್ನೊಂದೆಡೆ ಕುದಿಯುತ್ತಿದ್ದು ಕೂಸಿನ ಬಾಯಿ ಸುಡುತ್ತದೆ.

ಬೆರೆಸಿದ ಎರಡು ಗಂಟೆಯೊಳಗೆ ಕುಡಿಸಿ. ಕುಡಿದು ಮಿಕ್ಕದ್ದನ್ನು ಚೆಲ್ಲಿ. "ಅನ್ನ ಚೆಲ್ಲಬಾರದು" ಎಂದು ಬೆಳೆದ ನಮ್ಮ ಹಿರಿಯರಿಗೆ ಇದು ಕಷ್ಟ. ಆದರೆ ಕೂಸಿನ ಜೊಲ್ಲು ಸೇರಿದ ಹಾಲು ಕೆಡಲು ಹೆಚ್ಚು ಹೊತ್ತು ಬೇಡ.

ಲೂ, ಚಳಿ ಮತ್ತು ರೈಲು

ಮೇ, ಜೂನ್ ತಿಂಗಳಲ್ಲಿ ಲೂ ಬೀಸಿ ಬಿಸಿಲು 45 ಡಿಗ್ರಿ ಮುಟ್ಟುವ ಊರಿದು. ಬೆರೆಸಿಟ್ಟ ಹಾಲು ಹೊರಗೆ ಉಳಿಯುವಂತಿಲ್ಲ. ಮೊದಲೇ ಮಾಡಿಡಲೇಬೇಕಾದರೆ ತಕ್ಷಣ ತಣಿಸಿ, 5 ಡಿಗ್ರಿ ಮೀರದ ಫ್ರಿಜ್‌ನಲ್ಲಿ ಒಳಬದಿಗೆ ಇಟ್ಟು 24 ಗಂಟೆಯೊಳಗೆ ಬಳಸಿ. ಬಾಗಿಲಿನ ಬದಿ ಬೇಡ. ಬೆಚ್ಚಗೆ ಮಾಡುವುದು 15 ನಿಮಿಷ ಮೀರಬಾರದು. ಬಹಳ ಹೊತ್ತು ಕರೆಂಟು ಹೋಗಿದ್ದರೆ ಆ ಹಾಲಿನ ಆಸೆ ಬಿಡಿ.

ಜನವರಿಯ ಚಳಿಯಲ್ಲಿ ಇನ್ನೊಂದು ತಪ್ಪು ನಡೆಯುತ್ತದೆ. ರಾತ್ರಿ ಎದ್ದು ಕಾಯಿಸುವ ಕಷ್ಟ ತಪ್ಪಲೆಂದು ಹಾಲು ಬೆರೆಸಿ ಫ್ಲಾಸ್ಕಿಗೆ ಹಾಕಿಡುವುದು, ಇಲ್ಲವೇ ರಜಾಯಿಯೊಳಗೆ ಬಾಟಲಿ ಬೆಚ್ಚಗಿಡುವುದು. ಬ್ಯಾಕ್ಟೀರಿಯಾಕ್ಕೆ ಅದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಫ್ಲಾಸ್ಕಿನಲ್ಲಿ ಇರಬೇಕಾದದ್ದು ಕುದಿ ನೀರು ಮಾತ್ರ. ಪುಡಿ ಬೇರೆ, ನೀರು ಬೇರೆ, ಕುಡಿಸುವಾಗ ಬೆರೆಸಬೇಕು.

ಊರಿಗೆ ಹೋಗುವಾಗಲೂ ಇದೇ ನಿಯಮ. ಬೆಂಗಳೂರು ದಾರಿ ರೈಲಿನಲ್ಲಿ ಎರಡು ರಾತ್ರಿಯದು. ಕುದಿಸಿ ಮುಚ್ಚಿದ ಎರಡು ಮೂರು ಬಾಟಲಿ, ಒಂದೊಂದು ಸಲಕ್ಕೆ ಬೇಕಾದ ಪುಡಿ ಅಳೆದಿಟ್ಟ ಕುದಿಸಿ ಒಣಗಿಸಿದ ಪುಟ್ಟ ಡಬ್ಬಿಗಳು, ಒಳ್ಳೆಯ ಫ್ಲಾಸ್ಕ್ ಇರಲಿ. ಫ್ಲಾಸ್ಕಿನ ನೀರು ಆರಿದರೆ ಮತ್ತೆ ಕುದಿಸದೆ ಬಳಸಬೇಡಿ. ನಿಲ್ದಾಣದ ನಲ್ಲಿ ನೀರಿನಲ್ಲಿ ನಿಪ್ಪಲ್ ತೊಳೆದು ಮತ್ತೆ ಬಾಯಿಗಿಡುವುದಂತೂ ಖಂಡಿತ ಬೇಡ.

ಒಳಲೆ ಎಲ್ಲಿ ಹೋಯಿತು?

ನಮ್ಮ ಅಜ್ಜಿಯಂದಿರ ಬೆಳ್ಳಿ ಒಳಲೆಯನ್ನು ನೆನೆಯಲೇಬೇಕು. ಕೊಕ್ಕಿನಂಥ ಮೂತಿಯ ಆ ಪುಟ್ಟ ಬಟ್ಟಲಿನಲ್ಲಿ ಮೂಲೆ ಮುಡುಕಿಲ್ಲ, ರಬ್ಬರಿಲ್ಲ, ಜಿಡ್ಡು ಅವಿತುಕೊಳ್ಳಲು ಜಾಗವಿಲ್ಲ. ತೊಳೆದು ಕುದಿಸುವುದು ಸುಲಭ. ಇಂದಿಗೂ ನವಜಾತ ಶಿಶುಗಳ ಘಟಕಗಳಲ್ಲಿ ಸ್ಟೀಲಿನ ಒಳಲೆಯನ್ನು ಬಳಸುತ್ತಾರೆ. ಬಾಟಲಿಗಿಂತ ಬಟ್ಟಲು ಮೇಲು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕೂಸನ್ನು ತುಸು ಎತ್ತಿ ಕೂರಿಸಿಕೊಂಡು, ತುಟಿಗೆ ತಾಗಿಸಿ, ಅದು ನುಂಗಿದಂತೆ ಬಿಡಬೇಕು. ಮಲಗಿಸಿ ಸುರಿಯಬಾರದು. ತವರಿನ ಪೆಟ್ಟಿಗೆಯಲ್ಲಿದ್ದರೆ ಈ ಸಲ ತರಿಸಿಕೊಳ್ಳಿ.

ಸಂಘಗಳು ತಿಳಿದಿರಬೇಕಾದ ಕಾನೂನು

ಶಿಶು ಹಾಲಿನ ಪುಡಿ, ಹಾಲಿನ ಬಾಟಲಿ ಮತ್ತು ಶಿಶು ಆಹಾರದ ಬಗ್ಗೆ ನಮ್ಮಲ್ಲಿ 1992ರಲ್ಲೇ ಕಾನೂನು ಬಂತು. 2003ರ ತಿದ್ದುಪಡಿ ಅದನ್ನು ಬಿಗಿ ಮಾಡಿತು. ಎರಡು ವರ್ಷದೊಳಗಿನ ಮಕ್ಕಳ ಈ ವಸ್ತುಗಳಿಗೆ ಜಾಹೀರಾತು ಕೊಡುವಂತಿಲ್ಲ, ಪುಕ್ಕಟೆ ಮಾದರಿ ಹಂಚುವಂತಿಲ್ಲ, ಉಡುಗೊರೆಯ ಆಮಿಷ ಒಡ್ಡುವಂತಿಲ್ಲ. ಹಾಲಿನ ಪುಡಿಯ ಡಬ್ಬಿಯ ಮೇಲೆ ಕೂಸಿನ ಅಥವಾ ಹೆಂಗಸಿನ ಚಿತ್ರ ಇರಬಾರದು. ತಾಯಿಯ ಹಾಲೇ ಶ್ರೇಷ್ಠ ಎಂಬ ಸೂಚನೆ ಎದ್ದು ಕಾಣಬೇಕು. ಈ ಕಾನೂನು ಜಾರಿಯ ಮೇಲೆ ಕಣ್ಣಿಟ್ಟಿರುವ ಬಿಪಿಎನ್ಐ ಸಂಸ್ಥೆಯ ಕಚೇರಿ ಇರುವುದು ನಮ್ಮ ಪೀತಂಪುರದಲ್ಲೇ.

ರಾಜ್ಯೋತ್ಸವಕ್ಕೋ ಮಕ್ಕಳ ದಿನಕ್ಕೋ ಆರೋಗ್ಯವಂತ ಶಿಶು ಸ್ಪರ್ಧೆ ಏರ್ಪಡಿಸುವ ಸಂಘಗಳು ಇದನ್ನು ಗಮನಿಸಬೇಕು. ಬಹುಮಾನಕ್ಕೆ ಹಾಲಿನ ಪುಡಿ ಅಥವಾ ಬಾಟಲಿ ಕೊಡುತ್ತೇವೆ ಎಂದು ಯಾರಾದರೂ ಪ್ರಾಯೋಜಕರು ಮುಂದೆ ಬಂದರೆ ಕೈಮುಗಿದು ಬೇಡವೆನ್ನಿ.

ಯಾವಾಗ ವೈದ್ಯರ ಬಳಿ?

ನೀರಿನಂಥ ಭೇದಿ, ನಿಲ್ಲದ ವಾಂತಿ, ಕುಡಿಯಲು ಒಲ್ಲೆನ್ನುವುದು, ಉಚ್ಚೆ ಕಡಿಮೆಯಾಗುವುದು, ನೆತ್ತಿ ಕುಳಿ ಬೀಳುವುದು, ಕೂಸು ಮಂಕಾಗುವುದು, ಮೂರು ತಿಂಗಳೊಳಗಿನ ಕೂಸಿಗೆ ಜ್ವರ. ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆಯುತ್ತ, ಬಜೆ ತೇಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಬಿಳಿಚಿದ ಮೈ ಅಥವಾ ಮೈ ಸೆಟೆದುಕೊಳ್ಳುವುದು ಕಂಡರೆ ಕ್ಷಣವೂ ತಡ ಮಾಡಬಾರದು.

ಡಬ್ಬಿ ಹಾಲು ಕೊಡುವ ತಾಯಿಗೆ ಉಪದೇಶಕ್ಕಿಂತ ಒಂದು ಕೈ ಸಹಾಯ ಮುಖ್ಯ. ಪಕ್ಕದ ಬ್ಲಾಕಿನಲ್ಲಿ ಹೊಸದಾಗಿ ಹೆತ್ತ ನಮ್ಮವರಿದ್ದರೆ, ಸಂಘದ ಹಿರಿಯ ಸದಸ್ಯೆಯರು ಒಂದು ಮಧ್ಯಾಹ್ನ ಹೋಗಿ ಬಾಟಲಿ ಕುದಿಸಿಕೊಟ್ಟು ಬರಬಹುದು. ಊರಿನ ನಾಲ್ಕು ಜನ ಮಾಡುವ ಕೆಲಸವನ್ನು ಇಲ್ಲಿ ಮಾಡಬೇಕಾದವರು ನಾವೇ. ಈ ಪುಟವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ, ಅಜ್ಜಿಯ ಕಣ್ಣಿಗೆ ಬೀಳುವ ಎತ್ತರದಲ್ಲಿ ಅಂಟಿಸಿ.