ಸಾಕ್ಷಿಗೆ ಪಾಟೀಸವಾಲು

(ಬಾನುಲಿ ಭಾಷಣದ ಬರಹರೂಪ)

ಡಾಕ್ಯುಮೆಂಟರಿ ಎಂಬುದನ್ನು ನಾವು ಕನ್ನಡದಲ್ಲಿ ಸಾಕ್ಷ್ಯಚಿತ್ರ ಎಂದು ಕರೆಯುತ್ತೇವೆ. ಮೂಲ ಪದದಲ್ಲಿರುವುದು ದಾಖಲೆಯ ಅರ್ಥ. ನಮ್ಮ ಪದದಲ್ಲಿರುವುದು ಸಾಕ್ಷಿಯ ಅರ್ಥ. ದಾಖಲೆ ಮೂಕವಾದದ್ದು; ಸಾಕ್ಷಿಗೆ ಬಾಯಿಯುಂಟು. ಬಾಯಿಯುಳ್ಳ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಪಾಟೀಸವಾಲಿಗೆ ಒಳಪಡಿಸದೆ ನಂಬುವುದಿಲ್ಲ. ಚಲನಚಿತ್ರೋತ್ಸವಗಳಲ್ಲಿ ಸಾಕ್ಷ್ಯಚಿತ್ರ ಮುಗಿದೊಡನೆ ಅದರ ನಿರ್ದೇಶಕರನ್ನು ಪ್ರೇಕ್ಷಕರ ಮುಂದೆ ನಿಲ್ಲಿಸಿ ಸಂವಾದ ನಡೆಸುವ ಪದ್ಧತಿಯನ್ನು ನಾನು ಈ ದೃಷ್ಟಿಯಿಂದಲೇ ನೋಡುತ್ತೇನೆ. ಅದು ಕೇವಲ ಮರ್ಯಾದೆಯ ಕಲಾಪವಲ್ಲ; ಚಿತ್ರದ ಉತ್ತರಾರ್ಧವೇ ಅದು.

ಈ ಪ್ರಕಾರದ ಆದ್ಯ ಕೃತಿಗಳಲ್ಲೊಂದೆನಿಸಿದ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನೇ ನೋಡಿ. ಉತ್ತರ ಕೆನಡಾದ ಇನ್ಯೂಯಿಟ್ ಜನರ ಬದುಕನ್ನು ಕುರಿತ ಈ ಚಿತ್ರವನ್ನು ರಾಬರ್ಟ್ ಫ್ಲಾಹರ್ಟಿ 1922ರಲ್ಲಿ ತೆರೆಗೆ ತಂದರು. ನಾಯಕನ ನಿಜನಾಮ ನಾನೂಕ್ ಅಲ್ಲ, ಅಲ್ಲಾಕಾರಿಯಲ್ಲಾಕ್. ಬಂದೂಕದ ಬಳಕೆಯನ್ನು ಬಲ್ಲ ಜನರು ಕ್ಯಾಮೆರಾದ ಮುಂದೆ ಹಳೆಯ ಈಟಿಯನ್ನೇ ಹಿಡಿದರು. ಒಳಗೆ ಬೆಳಕು ಬೀಳಲೆಂದು ಹಿಮದ ಮನೆಯನ್ನು ಅರ್ಧಕ್ಕೇ ಕಟ್ಟಲಾಯಿತು. ಚಿತ್ರದ ಸೊಬಗು ಇದರಿಂದ ಅಳಿಯಲಿಲ್ಲ. ಆದರೆ ಈ ಸಂಗತಿಗಳನ್ನು ಬಲ್ಲವನು ನೋಡುವ ಚಿತ್ರ ಬೇರೆ, ಅರಿಯದವನು ನೋಡುವ ಚಿತ್ರ ಬೇರೆ.

ನಮ್ಮ ದೇಶದಲ್ಲಿ ಸರ್ಕಾರದ ಫಿಲ್ಮ್ಸ್ ಡಿವಿಜನ್ 1948ರಲ್ಲಿ ಸ್ಥಾಪನೆಯಾಯಿತು. ದಶಕಗಳ ಕಾಲ ಪ್ರತಿ ಚಿತ್ರಮಂದಿರದಲ್ಲಿಯೂ ಮುಖ್ಯಚಿತ್ರಕ್ಕೆ ಮುನ್ನ ಅದರ ಕಿರುಚಿತ್ರಗಳನ್ನು ತೋರಿಸಬೇಕಾಗಿತ್ತು. ಅವುಗಳಲ್ಲಿ ಒಳ್ಳೆಯವೂ ಇದ್ದವು. ಆದರೆ ತೆರೆಯ ಹಿಂದಿನಿಂದ ಗಂಭೀರವಾಗಿ ಮಾತನಾಡುತ್ತಿದ್ದ ಆ ಕಂಠವನ್ನು ಎದುರು ಪ್ರಶ್ನಿಸುವ ಅವಕಾಶ ನಮಗಿರಲಿಲ್ಲ; ಎಷ್ಟೋ ಮಂದಿ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತ ನಿಂತಿರುತ್ತಿದ್ದರು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು.

ಇದಕ್ಕೆ ಪ್ರತಿಯಾದ ದಾರಿಯನ್ನು ತೋರಿದವರು ಸಾಗರ ತಾಲ್ಲೂಕಿನ ಹೆಗ್ಗೋಡಿನವರು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದ ಸತೀಶ್ ಬಹಾದ್ದೂರರು ಅಲ್ಲಿಗೆ ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಹೇಳಿದರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ. ಕೆ. ನಾಯರ್ ಅವರು ಚಿತ್ರಗಳನ್ನು ಒದಗಿಸಿದರು. ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ಗಳನ್ನು ಅಡಕೆ ತೋಟದ ಜನ ನೋಡಿದರು, ಚರ್ಚಿಸಿದರು. ನೋಡಲು ಅರ್ಹತೆಯುಳ್ಳವನಿಗೆ ಕೇಳಲೂ ಅರ್ಹತೆಯುಂಟು ಎಂಬುದು ಅಲ್ಲಿ ಸಿದ್ಧವಾಯಿತು.

ಈ ಮಾತು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿಯ ಬೆಟ್ಟಗಳನ್ನು ಲೋಕ ಕಂಡಿರುವುದು ಬಹುಮಟ್ಟಿಗೆ ಪರನಾಮಗಳಿಂದ. 1973ರಲ್ಲಿ ಚಿತ್ರೀಕರಣ ಆರಂಭವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯಲ್ಲಿ ರಾಮನಗರದ ಬಂಡೆಗಳ ಸೀಮೆ ‘ರಾಮ್‌ಗಢ’ವಾಯಿತು. ಡೇವಿಡ್ ಲೀನರ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದಲ್ಲಿ ಮಾಗಡಿ ಬಳಿಯ ಸಾವನದುರ್ಗ ‘ಮರಾಬಾರ್’ ಬೆಟ್ಟವಾಯಿತು. ಕಥಾಚಿತ್ರಕ್ಕೆ ಈ ಸ್ವಾತಂತ್ರ್ಯವುಂಟು. ಅದನ್ನು ಆಕ್ಷೇಪಿಸುವುದು ಅರಸಿಕತನ. ಆದರೆ ಡಕಾಯಿತರ ತಾಣವೆಂದು ಜಗತ್ತು ನಂಬಿದ ರಾಮದೇವರ ಬೆಟ್ಟ ವಾಸ್ತವದಲ್ಲಿ ರಣಹದ್ದುಗಳ ನೆಲೆ. 2012ರಲ್ಲಿ ಅದು ರಣಹದ್ದುಗಳ ಧಾಮವೆಂದು ಘೋಷಿತವಾಯಿತು. ಬೆಟ್ಟವನ್ನು ಅದರ ಹೆಸರಿನಿಂದಲೇ ಕರೆಯಬೇಕಾದ ಹೊಣೆ ಸಾಕ್ಷ್ಯಚಿತ್ರದ್ದು.

ಹೆಸರಿನಷ್ಟೇ ಮುಖ್ಯವಾದದ್ದು ಮಾತಿನ ಅರ್ಥ. ರಾಮನಗರದ ರೇಷ್ಮೆ ಬೆಳೆಗಾರ “ಹುಳುವಿಗೆ ಎರಡನೇ ಜ್ವರ” ಎಂದನೆನ್ನಿ. ಹೊರಗಿನಿಂದ ಬಂದ ನಿರ್ದೇಶಕನು ಇದನ್ನು ರೋಗವೆಂದು ತಿಳಿದು ಶೋಕಸಂಗೀತವನ್ನು ಕೂಡಿಸಬಹುದು. ವಾಸ್ತವದಲ್ಲಿ ಜ್ವರವೆಂದರೆ ಹುಳು ಮೇವು ಬಿಟ್ಟು ನಿಶ್ಚಲವಾಗಿದ್ದು ಪೊರೆ ಕಳಚುವ ಅವಸ್ಥೆ. ನಾಲ್ಕು ಜ್ವರ ಕಳೆದು, ಮತ್ತೆ ಕೆಲವು ದಿನ ಸೊಪ್ಪು ತಿಂದು ಹಣ್ಣಾದ ಮೇಲೆಯೇ ಹುಳು ಚಂದ್ರಿಕೆಯ ಮೇಲೆ ಗೂಡು ಕಟ್ಟುವುದು. ಈ ತಪ್ಪನ್ನು ಮಹಾನಗರದ ಚಿತ್ರೋತ್ಸವದ ಪ್ರೇಕ್ಷಕ ಹಿಡಿಯಲಾರ. ರಾಮನಗರದ ಪ್ರೇಕ್ಷಕ ಮೊದಲ ನಿಮಿಷದಲ್ಲಿಯೇ ಹಿಡಿದಾನು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಚ್ಚುವುದು ಕುಂಚವಲ್ಲ, ತಿರುಗುವ ಮರಕ್ಕೆ ಒತ್ತಿ ಹಿಡಿದ ಅರಗು ಆ ಘರ್ಷಣೆಯ ಬಿಸಿಗೆ ಕರಗಿ ಹರಡಿಕೊಳ್ಳುತ್ತದೆ ಎಂದು ಹೇಳಬಲ್ಲವನು ಅಲ್ಲಿಯ ಕುಶಲಕರ್ಮಿ. ಆನೆಯ ಗಾಂಭೀರ್ಯವನ್ನು ಕೊಂಡಾಡುವ ಚಿತ್ರವನ್ನು ನೋಡಿ, “ನನ್ನ ರಾಗಿ ಹೊಲ ಇದರಲ್ಲಿ ಎಲ್ಲಿದೆ?” ಎಂದು ಕೇಳುವ ಹಕ್ಕು ಕನಕಪುರದ ಕಾಡಂಚಿನ ರೈತನದು.

ಹಾಗೆಂದು ಊರವರ ಮಾತೇ ಅಂತಿಮವೆಂದು ನಾನು ಹೇಳುತ್ತಿಲ್ಲ. ನಿತ್ಯದ ಬಳಕೆಯಿಂದ ನಮ್ಮ ಕಣ್ಣಿಗೆ ಮರೆಯಾದದ್ದನ್ನು ಹೊರಗಿನವನು ಕಂಡಾನು. ಹುಳುಮನೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಸೊಪ್ಪು ಹಾಕುವವಳು ಹಲವು ವೇಳೆ ಮನೆಯ ಹೆಣ್ಣುಮಗಳು. ಬೆಳೆಗಾರ ಎಂಬ ಹೆಸರು ಮಾತ್ರ ಗಂಡಸಿನದು. ಕ್ಯಾಮೆರಾ ಅವಳ ಕೈಗಳ ಮೇಲೆ ಎರಡು ನಿಮಿಷ ನಿಂತರೆ, ಆ ಸಭೆಯಲ್ಲಿ ಉತ್ತರ ಹೇಳಬೇಕಾದವರು ನಿರ್ದೇಶಕರಲ್ಲ, ನಾವು. ಪಾಟೀಸವಾಲು ಎರಡು ಕಡೆಗೂ ಸಲ್ಲುವಂಥದು.

ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ಚಿತ್ರೋತ್ಸವ 2006ರಲ್ಲಿ ಆರಂಭವಾಯಿತು. ಅಲ್ಲಿಂದ ರಾಮನಗರಕ್ಕೆ ಸುಮಾರು 50 ಕಿಲೋಮೀಟರು. ರಾಮನಗರದ ಸಮೀಪದಲ್ಲಿಯೇ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಬಯಲು ರಂಗಮಂದಿರವಿದೆ. ಈ ಸೀಮೆಯನ್ನು ಕುರಿತು ತೆಗೆದ ಚಿತ್ರಗಳನ್ನು ಮೊದಲು ಈ ಸೀಮೆಯ ಜನರ ಮುಂದೆಯೇ ತೋರಿಸುವುದು, ತೋರಿಸಿದ ಮೇಲೆ ನಿರ್ದೇಶಕರು ಅರ್ಧ ಗಂಟೆಯಾದರೂ ಅಲ್ಲಿ ಕುಳಿತಿರುವುದು, ಮೊದಲ ಪ್ರಶ್ನೆಯನ್ನು ನಮ್ಮಂಥ ಮೇಷ್ಟರುಗಳಿಗೆ ಬಿಡದೆ ಹಿಂದಿನ ಸಾಲಿನಲ್ಲಿ ಕುಳಿತ ಬೆಳೆಗಾರನಿಗೋ ಅವನ ಮಡದಿಗೋ ಕೊಡುವುದು - ಇಷ್ಟಾದರೆ ಸಾಕು. ಇದಕ್ಕೆ ಹೆಚ್ಚಿನ ಹಣವೇನೂ ಬೇಡ; ಕೇಳಿಸಿಕೊಳ್ಳುವ ತಾಳ್ಮೆ ಬೇಕು.