ಜಾನಪದ ದತ್ತಸಂಚಯದಲ್ಲಿ ಜಿಲ್ಲೆಯ ತಿದ್ದುಪಡಿ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಅಲ್ಲಿ ಸಂಗ್ರಹಿಸಿದ ಹಾಡುಗಳ ದಾಖಲೆಗಳಲ್ಲಿ ಆಯಾ ಕಾಲದ ಜಿಲ್ಲೆಯ ಹೆಸರೇ ಇರುವುದು ಸಹಜ. ಗಣಕದ ಕೋಷ್ಟಕದಲ್ಲಿ ಇಂತಹ ಸಾಲುಗಳನ್ನು ಒಂದೊಂದಾಗಿ ತಿದ್ದಬೇಕಿಲ್ಲ. ತಾಲ್ಲೂಕು ಮತ್ತು ಅದರ ಇಂದಿನ ಜಿಲ್ಲೆಯನ್ನುಳ್ಳ ಎರಡನೆಯ ಕೋಷ್ಟಕವೊಂದಿದ್ದರೆ, ಎಸ್‌ಕ್ಯೂಎಲ್ ಭಾಷೆಯ ‘ಅಪ್‌ಡೇಟ್’ ಆಜ್ಞೆ ಅದರಿಂದ ಹೆಸರನ್ನು ಪಡೆದು ಮೊದಲನೆಯದರಲ್ಲಿ ತುಂಬುತ್ತದೆ. ‘ಸೆಟ್’ ಎಂಬ ಭಾಗದೊಳಗಿನ ಉಪಪ್ರಶ್ನೆ ಪ್ರತಿ ಸಾಲಿಗೂ ತಕ್ಕ ಜಿಲ್ಲೆಯನ್ನು ಹುಡುಕಿ ಕೊಡುತ್ತದೆ.

ತೊಡಕಿರುವುದು ಹೊಂದಿಕೆಯಾಗದ ಸಾಲುಗಳಲ್ಲಿ. ಕ್ಷೇತ್ರಕಾರ್ಯದಲ್ಲಿ ಕಿವಿಗೆ ಬಿದ್ದಂತೆ ‘ಹರಪನಳ್ಳಿ’ ಎಂದು ಬರೆದಿದ್ದರೆ ಉಪಪ್ರಶ್ನೆಗೆ ಉತ್ತರವೇ ದೊರೆಯದು. ಆಗ ಆಜ್ಞೆ ಆ ಸಾಲನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಅಲ್ಲಿದ್ದ ಹಳೆಯ ಹೆಸರನ್ನೂ ಅಳಿಸಿ ‘ನಲ್’, ಎಂದರೆ ಬರಿದನ್ನು, ಇರಿಸುತ್ತದೆ. ‘ವೇರ್ ಎಕ್ಸಿಸ್ಟ್ಸ್’ ಎಂಬ ನಿಬಂಧನೆ ಸೇರಿಸಿದರೆ ಹೊಂದಿಕೆಯುಳ್ಳ ಸಾಲುಗಳು ಮಾತ್ರ ಬದಲಾಗುತ್ತವೆ. ಊರಿನ ಹೆಸರನ್ನೇ ಕೊಂಡಿಯಾಗಿಸುವುದಂತೂ ಸಲ್ಲದು. ನಾಡಿನಲ್ಲಿ ಹೊಸಹಳ್ಳಿಗಳಿಗೆ ಲೆಕ್ಕವುಂಟೆ? ಸಂಕೇತಸಂಖ್ಯೆಯೇ ಲೇಸು.

ಇಷ್ಟಾದರೂ ಹಳೆಯ ಹೆಸರು ತಪ್ಪೆಂದು ಭಾವಿಸಲಾಗದು. ಹಾಡು ದೊರೆತ ಕಾಲದ ಆಡಳಿತದ ಗುರುತು ಅದು. ಆದುದರಿಂದ ಇಂದಿನ ಜಿಲ್ಲೆಯನ್ನು ಪ್ರತ್ಯೇಕ ಅಂಕಣದಲ್ಲಿ ತುಂಬಿ, ಮೂಲ ಅಂಕಣವನ್ನು ಮುಟ್ಟದಿರುವುದು ಉಚಿತ. ಗಡಿ ಮತ್ತೆ ಬದಲಾದರೆ ಎರಡನೆಯ ಕೋಷ್ಟಕವನ್ನು ತಿದ್ದಿ, ಅದೇ ಆಜ್ಞೆಯನ್ನು ಇನ್ನೊಮ್ಮೆ ನಡೆಸಿದರಾಯಿತು.